ತೂಬಿನಿಂದ ಗದ್ದೆಯವರೆಗೆ

ಮನೆಯಲ್ಲಿ ಯಾವುದಾದರೊಂದು ಯಂತ್ರ ಕೆಟ್ಟಿತೆಂದರೆ ಮನುಷ್ಯನು ಮೊದಲು ಹುಡುಕುವುದು ಕೆಟ್ಟ ಕಾರಣವನ್ನಲ್ಲ, ಕೆಡಿಸಿದವರನ್ನು. ಗಡಿಯಾರ ನಿಂತರೆ ಮಕ್ಕಳ ಮೇಲೆ, ರೇಡಿಯೋ ಮೂಕವಾದರೆ ಮನೆಗೆ ಬಂದ ನೆಂಟರ ಮೇಲೆ ಅನುಮಾನ ಹರಿಯುವುದು ಹಿಂದಿನಿಂದಲೂ ನಡೆದುಬಂದ ಪದ್ಧತಿ. ಯಂತ್ರಗಳು ಹೊಸವಾದರೂ ಪದ್ಧತಿ ಹಳೆಯದೇ. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನ ಒಂದು ಮನೆಯಲ್ಲಿ, ಮಳೆಗಾಲದ ಒಂದು ಭಾನುವಾರ ಸಂಜೆ ನಡೆದದ್ದೂ ಇದೇ.

ಆ ಮನೆಯ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವಳು. ತಾಯಿ ಜಾರಿಬಿದ್ದು, ಸೊಂಟದ ಮೂಳೆಗೆ ಶಸ್ತ್ರಚಿಕಿತ್ಸೆಯಾಗಿ ಆಗಷ್ಟೇ ಮನೆಗೆ ಬಂದಿದ್ದರು. ಮಗ್ಗುಲು ಬದಲಿಸುವುದಕ್ಕೂ ಒಬ್ಬರ ಕೈಯಾಸರೆ ಬೇಕು. 2020ರ ಕೊರೋನಾ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡುವ ಪರಿಪಾಠ ಎಲ್ಲೆಡೆ ಹಬ್ಬಿತಾದರೂ, ಅನಂತರ ಅನೇಕ ಕಚೇರಿಗಳು ತಮ್ಮವರನ್ನು ಹಿಂದಕ್ಕೆ ಕರೆಸಿಕೊಂಡವು. ಅವಳಿಗೆ ದೊರೆತದ್ದು ಒಂದು ತಿಂಗಳ ಅನುಮತಿ. ಅದೂ ಕೆಲಸಕ್ಕೆ ಕುಂದು ಬಾರದಿದ್ದರೆ ಎಂಬ ಷರತ್ತಿನ ಮೇಲೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳು ತನ್ನ ಕೆಲಸವನ್ನು ಮೇಲಿನವರಿಗೆ ತೋರಿಸಬೇಕಾಗಿದ್ದಿತು.

ಊರಿಗೆ ಬರುವಾಗ ಬಸ್ಸಿನಲ್ಲಿ ಪೆಟ್ಟು ತಿಂದು ಲ್ಯಾಪ್‌ಟಾಪಿನ ಪರದೆ ಅರ್ಧ ಮಸಕಾಗಿತ್ತು. ಆದುದರಿಂದ ದೊಡ್ಡ ಮಾನಿಟರೇ ಗತಿ. ಅದಕ್ಕೆ ನಡುವರ್ತಿಯಾಗಿ ಇದ್ದದ್ದು ಡಾಕಿಂಗ್ ಸ್ಟೇಷನ್ ಎಂಬ ಪುಟ್ಟ ಪೆಟ್ಟಿಗೆ. ಮಾನಿಟರು, ಕೀಲಿಮಣೆ, ಮೌಸು, ಇಂಟರ್‌ನೆಟ್ಟಿನ ತಂತಿ ಎಲ್ಲವೂ ಆ ಪೆಟ್ಟಿಗೆಗೆ ಬಂದು ಸೇರುತ್ತವೆ. ಅಲ್ಲಿಂದ ಒಂದೇ ಒಂದು ಕೇಬಲ್ ಲ್ಯಾಪ್‌ಟಾಪಿಗೆ ಹೋಗುತ್ತದೆ. ಬಾಗೂರಿನವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಗೊರೂರಿನ ಹೇಮಾವತಿ ಜಲಾಶಯದಿಂದ ಹೊರಟ ನಾಲೆಯ ನೀರು ಬಾಗೂರು–ನವಿಲೆ ಸುರಂಗವನ್ನು ಹಾದು ತುಮಕೂರಿನ ಕಡೆಗೆ ಸಾಗುತ್ತದೆ. ಆಚೆಗೆ ಎಷ್ಟು ಕೆರೆಗಳಿದ್ದರೇನು, ಸುರಂಗವೊಂದು ಕಟ್ಟಿಕೊಂಡರೆ ಎಲ್ಲಕ್ಕೂ ನೀರು ತಪ್ಪಿದಂತೆಯೇ.

ಆ ಸಂಜೆ ಗುಡುಗು ಮಳೆ ಬಂದು ಎರಡು ಗಂಟೆಗಳ ಕಾಲ ಕರೆಂಟು ಹೋಯಿತು. ಮರಳಿ ಬಂದಾಗ ಡಾಕಿನ ದೀಪ ಉರಿಯಿತು, ಲ್ಯಾಪ್‌ಟಾಪು ಚಾರ್ಜ್ ಆಗತೊಡಗಿತು. ಆದರೆ ಮಾನಿಟರು ಕಪ್ಪು; ಕೀಲಿಮಣೆ ಒತ್ತಿದರೆ ಉತ್ತರವಿಲ್ಲ; ಮೌಸು ಅಲುಗಿಸಿದರೆ ಬಾಣ ಅಲುಗದು.

“ಇದನ್ನು ಯಾರು ಮುಟ್ಟಿದರು?” ಎಂದಳು ಮಗಳು. ಮನೆಯಲ್ಲಿದ್ದವರು ಹಾಸಿಗೆ ಹಿಡಿದ ತಾಯಿ ಮತ್ತು ಎಪ್ಪತ್ತು ದಾಟಿದ ತಂದೆ. ಪ್ರಶ್ನೆ ಯಾರನ್ನು ಕುರಿತದ್ದೆಂದು ಬೇರೆ ಹೇಳಬೇಕಾಗಿರಲಿಲ್ಲ.

“ನಾನು ಮುಟ್ಟಿಲ್ಲ ಕಣಮ್ಮ. ಅಲ್ಲಿ ಕಸ ಗುಡಿಸಿದೆ, ಅಷ್ಟೇ.”

ಆಪಾದನೆಗೆ ಅಷ್ಟೇ ಸಾಕಾಯಿತು. “ಆ ಮೇಜಿನ ಹತ್ತಿರ ಹೋಗಬೇಡ ಅಂತ ಎಷ್ಟು ಸಲ ಹೇಳಿದ್ದೀನಪ್ಪ!” ತಂದೆ ಮರುಮಾತಾಡದೆ ಜಗಲಿಗೆ ಹೋಗಿ ಕುಳಿತರು.

ಮಗಳು ತಂತಿಗಳನ್ನೆಲ್ಲ ಕಿತ್ತು, ಇಲ್ಲಿಯದನ್ನು ಅಲ್ಲಿಗೆ, ಅಲ್ಲಿಯದನ್ನು ಇಲ್ಲಿಗೆ ಚುಚ್ಚಿದಳು. ಲ್ಯಾಪ್‌ಟಾಪನ್ನು ಎರಡು ಸಲ ಆರಿಸಿ ಹೊತ್ತಿಸಿದಳು. ಯಾವುದೋ ಡ್ರೈವರನ್ನು ಹುಡುಕತೊಡಗಿದಳು. ಒಂದು ಗಂಟೆ ಕಳೆಯುವುದರೊಳಗೆ ಮೊದಲು ಕೆಟ್ಟದ್ದು ಯಾವುದು, ತಾನು ಕೆಡಿಸಿದ್ದು ಯಾವುದು ಎಂಬುದೇ ತಿಳಿಯದಾಯಿತು. ಒಳಗಿನಿಂದ ತಾಯಿ ಮೆಲ್ಲಗೆ ಕೇಳಿದರು: “ನಾಳೆ ಬೆಂಗಳೂರಿಗೆ ಹೋಗಲೇಬೇಕಾಗುತ್ತದೇನೇ?” ಅವಳು ಉತ್ತರ ಕೊಡಲಿಲ್ಲ.

ಆ ಮಾತು ಜಗಲಿಗೂ ಕೇಳಿಸಿರಬೇಕು. ತಂದೆ ಎದ್ದು ಬಂದು ಬಾಗಿಲಲ್ಲೇ ನಿಂತರು. ಅವರಿಗೆ ಲ್ಯಾಪ್‌ಟಾಪಿನ ಗಂಧಗಾಳಿಯಿಲ್ಲ. ಆದರೆ ಅವರ ತಂದೆ ಊರ ಕೆರೆಯ ನೀರುಗಂಟಿಯಾಗಿದ್ದವರು. ಹುಡುಗನಾಗಿದ್ದಾಗ ಲಾಟೀನು ಹಿಡಿದು ಅವರ ಹಿಂದೆ ಕಾಲುವೆಯ ಏರಿ ತುಳಿದದ್ದುಂಟು.

“ಕೊನೇ ಗದ್ದೆಗೆ ನೀರು ಬರಲಿಲ್ಲ ಅಂತ ಕೂಗು ಬಂದರೆ, ನಿಮ್ಮ ತಾತ ಗದ್ದೆಗೆ ಓಡುತ್ತಿರಲಿಲ್ಲ ಕಣಮ್ಮ. ಮೊದಲು ತೂಬು ನೋಡೋರು. ಅಲ್ಲಿಂದ ಒಂದೊಂದೇ ಮಡೆ ನೋಡಿಕೊಂಡು ಇಳಿಯೋರು. ಒಂದನ್ನು ಮುಟ್ಟಿದರೆ, ಅದರ ಫಲ ಕಾಣೋವರೆಗೂ ಇನ್ನೊಂದನ್ನು ಮುಟ್ಟುತ್ತಿರಲಿಲ್ಲ.”

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಎಲ್ಲವನ್ನೂ ಬಿಚ್ಚಿದಳು. ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ, ಡಾಕಿನ ಅಡಾಪ್ಟರನ್ನು ಗೋಡೆಯಿಂದ ಕಿತ್ತು, ಕೆಲವು ನಿಮಿಷ ಕಾದಳು. ಕರೆಂಟು ಹೋಗಿ ಬರುವ ಏರಿಳಿತದಲ್ಲಿ ಇಂಥ ಪೆಟ್ಟಿಗೆಗಳ ಒಳಗಿನ ಚಿಪ್ಪುಗಳು ಕೆಲವೊಮ್ಮೆ ಸ್ತಬ್ಧವಾಗಿಬಿಡುತ್ತವೆ. ಉಳಿದ ವಿದ್ಯುತ್ತೆಲ್ಲ ಇಂಗಿಹೋದ ಮೇಲೆ ಹೊಸದಾಗಿ ಎಚ್ಚರಗೊಳ್ಳುತ್ತವೆ. ಅನಂತರ ಡಾಕಿಗೆ ಕರೆಂಟು ಕೊಟ್ಟು, ಲ್ಯಾಪ್‌ಟಾಪಿಗೆ ಜೋಡಿಸಿ, ಕೀಲಿಮಣೆಯೊಂದನ್ನೇ ಸಿಕ್ಕಿಸಿದಳು. ಅಕ್ಷರ ಮೂಡಿತು. ಬಳಿಕ ಮೌಸು, ಅದೂ ನಡೆಯಿತು. ಮಾನಿಟರು ಮಾತ್ರ ಕಪ್ಪಾಗಿಯೇ ಉಳಿಯಿತು.

ಹಾಗಾದರೆ ಮಾನಿಟರೇ ಕೆಟ್ಟಿದೆಯೋ? ಅದನ್ನು ಅದರ ತಂತಿಯೊಡನೆಯೇ ಟಿ.ವಿ.ಯ ಸೆಟ್‌ಟಾಪ್ ಪೆಟ್ಟಿಗೆಗೆ ಜೋಡಿಸಿದಳು. ವಾರ್ತೆ ಓದುವವರು ಥಟ್ಟನೆ ಕಾಣಿಸಿಕೊಂಡರು. ಗದ್ದೆಯಲ್ಲಿ ತಪ್ಪಿಲ್ಲ. ಕೀಲಿಮಣೆ ನಡೆದುದರಿಂದ ತೂಬೂ ತೆರೆದಿದೆ. ಕೆಲವು ಡಾಕುಗಳಿಗೆ ಡಿಸ್‌ಪ್ಲೇಲಿಂಕ್ ಎಂಬ ಡ್ರೈವರು ಇಲ್ಲದಿದ್ದರೆ ಚಿತ್ರ ಬಾರದು. ಇದು ಆ ಜಾತಿಯದಲ್ಲ. ಉಳಿದದ್ದು ನಡುವಿನ ಕೇಬಲ್.

ಅದನ್ನು ಕೈಗೆತ್ತಿಕೊಂಡಾಗ ಅವಳಿಗೆ ನೆನಪಾಯಿತು. ಕರೆಂಟು ಹೋಗಿದ್ದಾಗ ಡಾಕ್ಟರಿಗೆ ಫೋನು ಮಾಡಬೇಕಾಗಿತ್ತು. ಫೋನಿನ ಬ್ಯಾಟರಿ ಮುಗಿದಿತ್ತು. ಡಾಕಿನ ಕೇಬಲನ್ನು ಕಿತ್ತು, ಫೋನನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದವಳು ತಾನೇ. ಬೆಳಕು ಬಂದಾಗ ಕೈಗೆ ಸಿಕ್ಕಿದ ಫೋನಿನ ಕೇಬಲನ್ನು ಡಾಕಿಗೆ ಹಾಕಿದವಳೂ ತಾನೇ.

ಎರಡೂ ಕಪ್ಪು, ಎರಡರ ತುದಿಯೂ ಯುಎಸ್‌ಬಿ-ಸಿ. 2014ರಲ್ಲಿ ಬಂದ ಈ ತುದಿಯಲ್ಲಿ 24 ಸಂಪರ್ಕಗಳಿಗೆ ಸ್ಥಳವಿದೆ. ಆದರೆ ಎಲ್ಲ ಕೇಬಲುಗಳಲ್ಲಿಯೂ ಅಷ್ಟು ತಂತಿಗಳಿರುವುದಿಲ್ಲ. ಫೋನಿನ ಜೊತೆ ಬರುವ ಅನೇಕ ಕೇಬಲುಗಳು ಕರೆಂಟನ್ನೂ ಸೆಕೆಂಡಿಗೆ 480 ಮೆಗಾಬಿಟ್‌ವರೆಗಿನ ಮಾಹಿತಿಯನ್ನೂ ಸಾಗಿಸಬಲ್ಲವು. ಕೀಲಿಮಣೆಗೆ ಅದು ಧಾರಾಳ. ಮಾನಿಟರಿನ ಚಿತ್ರಕ್ಕೆ ಬೇಕಾದ ವೇಗದ ತಂತಿಗಳೇ ಅವುಗಳಲ್ಲಿರುವುದಿಲ್ಲ. ಅಂತೂ ಆ ಸಂಜೆ ಕೂಡಿಬಂದಿದ್ದುದು ಒಂದಲ್ಲ, ಎರಡು ತೊಂದರೆ. ಎಲ್ಲವನ್ನೂ ಒಮ್ಮೆಗೇ ಕಿತ್ತಾಡುವವನಿಗೆ ಅವೆರಡು ಎಂದಿಗೂ ಬೇರ್ಪಟ್ಟು ಕಾಣುವುದಿಲ್ಲ.

ನಿಜವಾದ ಕೇಬಲು ತಾಯಿಯ ದಿಂಬಿನ ಪಕ್ಕದಲ್ಲಿ, ಫೋನಿಗೆ ಅಂಟಿಕೊಂಡೇ ಇತ್ತು. ಅದನ್ನು ಹಾಕಿದ ಕ್ಷಣ ಮಾನಿಟರು ಬೆಳಗಿತು.

ಮಗಳು ಜಗಲಿಗೆ ಹೋದಳು. “ಅಪ್ಪ, ಕೇಬಲು ಬದಲಾಯಿಸಿದ್ದು ನಾನೇ.”

“ಚಿತ್ರ ಬಂತೇನಮ್ಮ?”

“ಬಂತು.”

“ಹಾಗಾದರೆ ಅಮ್ಮನಿಗೆ ಮಾತ್ರೆ ಕೊಡು. ಹೊತ್ತಾಯಿತು.”

ಆ ರಾತ್ರಿಯೇ ಅವಳು ಡಾಕಿನ ಕೇಬಲಿಗೆ ಗುರುತಿಗೆಂದು ಕೆಂಪು ದಾರ ಕಟ್ಟಿದಳು. ಸೋಮವಾರದ ಕೆಲಸ ಸುಸೂತ್ರವಾಗಿ ಮುಗಿಯಿತು. ಉಳಿದ ದಿನಗಳೂ ತಾಯಿಗೆ ದಕ್ಕಿದವು. ಮಾರನೆಯ ಬೆಳಿಗ್ಗೆ ತಂದೆ ಪೊರಕೆ ಹಿಡಿದು ಬಂದವರು ಮೇಜಿನಿಂದ ಎರಡು ಮಾರು ದೂರದಲ್ಲಿಯೇ ನಿಂತುಬಿಟ್ಟರು. ಮಗಳು ಅದನ್ನು ಕಂಡು, ಕುರ್ಚಿಯನ್ನು ಹಿಂದಕ್ಕೆ ಸರಿಸಿ, “ಇಲ್ಲೂ ಗುಡಿಸಪ್ಪ” ಎಂದಳು.