ಎರೆ ಮಣ್ಣಿಗಿಳಿದ ಟ್ಯಾಂಕು

ಸುರಪುರ ಸೀಮೆಯ ಎರೆ ಮಣ್ಣು ಒಣಗಿದರೆ ಕಲ್ಲು, ನೆನೆದರೆ ಅಂಟು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಭತ್ತದ ಹೊಲದಲ್ಲಿ ಕೊಯ್ಲಿನ ಹೊತ್ತಿಗೆ ಹಸಿ ಉಳಿದಿದ್ದರೆ ಟೈರಿನ ಮಷಿನ್ ಹೂತುಹೋಗುತ್ತದೆ, ಚೈನ್ ಮಷಿನ್ನೇ ಬೇಕು. ಟೈರು ಇಡೀ ಭಾರವನ್ನು ಸ್ವಲ್ಪ ಜಾಗದ ಮೇಲೆ ಹೇರುತ್ತದೆ, ಚೈನು ಅದನ್ನೇ ಉದ್ದಕ್ಕೆ ಹರಡುತ್ತದೆ. ಯುದ್ಧದ ಟ್ಯಾಂಕೂ ಇದೇ ಲೆಕ್ಕದ ಮೇಲೆ ಓಡುತ್ತದೆ. ನನ್ನ ತಮ್ಮ ಈ ಲೆಕ್ಕ ಕಲಿತದ್ದು ಹೊಲದಲ್ಲಲ್ಲ, ಒಂದು ರಿಮೋಟ್ ಟ್ಯಾಂಕಿನಿಂದ.

ಐಟಿಐ ಫಿಟ್ಟರ್ ಮುಗಿಸಿ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಮೇಲೆ ಎರಡು ವರ್ಷ ದುಡಿದ. ಗುತ್ತಿಗೆ ಮುಗಿದು ಊರಿಗೆ ಬಂದಾಗ ಬ್ಯಾಗಿನಲ್ಲಿ ಯಾರೋ ಬಳಸಿ ಮಾರಿದ ಟಿ-72 ಮಾದರಿ ಇತ್ತು, ಅಸಲಿ ಟ್ಯಾಂಕಿನ 16ರಲ್ಲಿ ಒಂದರಷ್ಟು ಅಳತೆಯದು.

"ಮದುವಿ ವಯಸ್ಸಿನ ಹುಡುಗ ಆಟಿಗಿ ಹಿಡ್ಕೊಂಡು ಕುಂತಾನ. ನೀನರ ಹೇಳವ್ವ" ಅಂದರು ಅಪ್ಪ. ನಾನು ಹೇಳಲಿಲ್ಲ, ನೋಡುತ್ತ ಕುಳಿತೆ. ಪತ್ರಿಕೋದ್ಯಮ ಓದಿದ್ದಕ್ಕೆ ಅಷ್ಟಾದರೂ ಉಪಯೋಗ ಬೇಡವೇ?

ಈ ಹವ್ಯಾಸದವರು ಮೊದಲು ಬದಲಿಸುವುದು ಪ್ಲಾಸ್ಟಿಕ್ ಚೈನನ್ನು. ತಮ್ಮನೂ ಲೋಹದ ಚೈನು ತರಿಸಿದ. ಚೈನು ಗಟ್ಟಿಯಾಯಿತು, ಅದನ್ನು ಎಳೆಯುವ ಪ್ಲಾಸ್ಟಿಕ್ ಹಲ್ಲುಚಕ್ರ ಸವೆಯಿತು. ಚಕ್ರವೂ ಲೋಹದ್ದಾಯಿತು, ಒಳಗಿನ ನೈಲಾನ್ ಗೇರಿನ ಹಲ್ಲು ಉದುರಿತು. ಗೇರ್‌ಬಾಕ್ಸ್ ಸ್ಟೀಲಿನದಾದ ಮೇಲೆ ಹಳೇ ಬ್ಯಾಟರಿ ಸೋತಿತು. ಒಂದನ್ನು ಗಟ್ಟಿ ಮಾಡಿದರೆ ಪೆಟ್ಟು ಮುಂದಿನದಕ್ಕೆ ದಾಟುತ್ತದೆ. ಕೊನೆಗೆ 7.4 ವೋಲ್ಟಿನ ಲಿಥಿಯಂ ಬ್ಯಾಟರಿ ಬಂತು. ಅದು ಉಬ್ಬಿದರೆ ಬೆಂಕಿ ಹತ್ತುವ ಭಯ. ಹಾಗಾಗಿ ಚಾರ್ಜಿಂಗ್ ಏನಿದ್ದರೂ ಹಿತ್ತಲ ಪರಸಿ ಕಲ್ಲಿನ ಮೇಲೆ, ಅದೂ ಯಾರಾದರೂ ಪಕ್ಕದಲ್ಲಿ ಕುಳಿತಿದ್ದರೆ ಮಾತ್ರ. ಇದು ಅವ್ವನ ಕಾನೂನು.

ಆಮೇಲೆ ತೂಕದ ಪ್ರಶ್ನೆ. ಅಸಲಿ ಟಿ-72 ಸುಮಾರು 41 ಟನ್. ಉದ್ದ, ಅಗಲ, ಎತ್ತರ ಮೂರೂ 16 ಪಟ್ಟು ಕುಗ್ಗಿದರೆ ತೂಕ 4096 ಪಟ್ಟು ಇಳಿಯಬೇಕು, ಅಂದರೆ ಹತ್ತು ಕಿಲೋ. ನಮ್ಮದು ಅದರ ಅರ್ಧವೂ ಇರಲಿಲ್ಲ, ಕಲ್ಲು ಸಿಕ್ಕರೆ ಕಪ್ಪೆಯಂತೆ ಜಿಗಿಯುತ್ತಿತ್ತು. ಮೀನುಬಲೆಗೆ ಕಟ್ಟುವ ಸೀಸದ ಗುಂಡು ತಂದು ತುಂಬಿದ. ಟೇಲರ್ ಮಂಜಿಲ್ ಗುಡ್ಡದ ಏರಿನಲ್ಲಿ ಬಿಟ್ಟರೆ ಮೂತಿ ಎತ್ತಿ ಹಿಂದಕ್ಕೆ ಮಗುಚಿತು. ಗುಂಡುಗಳನ್ನೆಲ್ಲ ಮುಂಭಾಗಕ್ಕೆ, ತಳಕ್ಕೆ ಸರಿಸಿದ ಮೇಲೆ ನಿಧಾನಕ್ಕೆ ಹತ್ತಿತು. 1858ರಲ್ಲಿ ಇಂಗ್ಲಿಷರ ಪಡೆ ನುಗ್ಗಿದ ಊರಲ್ಲಿ ಟ್ಯಾಂಕು ಹತ್ತಿಸುತ್ತಿದ್ದೇವಲ್ಲ ಎಂದು ನನಗೆ ನಗು. ಅವನಿಗೆ ಮೋಟಾರು ಬಿಸಿಯಾಯಿತೇ ಎಂಬುದೊಂದೇ ಚಿಂತೆ.

ಕಲ್ಲು ದಾಟಿದ ಟ್ಯಾಂಕು ಕೆಸರಿನಲ್ಲಿ ಹತ್ತು ಮಾರೂ ಹೋಗಲಿಲ್ಲ. ಎರೆ ಮಣ್ಣು ಹಲ್ಲುಚಕ್ರದ ಸಂದಿಯಲ್ಲಿ ಮೆತ್ತಿಕೊಂಡು ಚೈನು ಬಿಗಿಯಾಗಿ ಮೋಟಾರು ಗುರ್ರೆಂದಿತು. ಇದಕ್ಕೆ ಕೊಂಡು ತರುವ ಯಾವ ಭಾಗದಲ್ಲೂ ಉತ್ತರವಿರಲಿಲ್ಲ. ರಂಗಂಪೇಟೆ ಕಡೆಯ ಲೇತ್ ಅಂಗಡಿಗೆ ಒಯ್ದೆವು. ಉಸ್ತಾದ್ ಕನ್ನಡಕ ಏರಿಸಿ ನೋಡಿದರು. "ಚೈನ್ ಮಷಿನ್ ಚಕ್ರಕ್ಕ ತೂತು ಯಾಕ್ ಇರ್ತಾವ ನೋಡೀ ಏನು? ರಾಡಿ ಹೊರಗ ಹೋಗಾಕ ದಾರಿ ಬೇಕಪಾ." ಅವರೇ ಡ್ರಿಲ್ ಹಿಡಿದು ಹಲ್ಲುಗಳ ನಡುವೆ ಕಿಂಡಿ ತೆಗೆದರು. ಮುಂದಿನ ಗಾಲಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿ ಚೈನು ಸಡಿಲ ಮಾಡಿದ್ದು ತಮ್ಮ. ಟ್ಯಾಂಕು ಕೆಸರು ಉಗುಳುತ್ತ ಬದು ದಾಟಿತು. ದುಡ್ಡು ಕೇಳಿದರೆ ಉಸ್ತಾದ್, "ಸಂಜಿಮುಂದ ಬಂದು ಎರಡು ಬುಷ್ ಕಡದು ಕೊಡು" ಅಂದರು. ಅಂದಿನಿಂದ ದಿನಾ ಹೋಗುತ್ತಿದ್ದಾನೆ.

ಈ ನಡುವೆ ಅದಕ್ಕೆ ಭಾರತೀಯ ಸೇನೆಯ ವೇಷವೂ ಆಯಿತು. ಚೆನ್ನೈ ಹತ್ತಿರದ ಆವಡಿಯಲ್ಲಿ ತಯಾರಾದ ಟಿ-72ಕ್ಕೆ ನಮ್ಮ ಸೇನೆಯಲ್ಲಿ ಅಜೇಯ ಎಂಬ ಹೆಸರಿದೆ. ಅದರ ಮೈಮೇಲಿನ ಇಟ್ಟಿಗೆಯಂಥ ಪೆಟ್ಟಿಗೆಗಳಲ್ಲಿ ಸ್ಫೋಟಕವಿರುತ್ತದೆ, ಶತ್ರುವಿನ ಸಿಡಿತಲೆ ಬಡಿದಾಗ ಹೊರಕ್ಕೆ ಸಿಡಿದು ಅದರ ಬಿರುಸು ಮುರಿಯುತ್ತವೆ. ತಮ್ಮ ಅವನ್ನು ಫ್ಲೆಕ್ಸ್ ಅಂಗಡಿಯ ಸನ್‌ಬೋರ್ಡ್ ಚೂರುಗಳಿಂದ ಕತ್ತರಿಸಿ ಅಂಟಿಸಿದ. ಒಂದನ್ನು ಕಿತ್ತು ನೋಡಿದರೆ ಹಿಂದೆ ಯಾರದೋ ಹುಟ್ಟುಹಬ್ಬದ ಶುಭಾಶಯದ ಅರ್ಧ ಅಕ್ಷರ.

ಬೆಂಗಳೂರಿನಿಂದ ಮೊನ್ನೆ ಮತ್ತೆ ಫೋನ್ ಬಂತು, ಒಂದನೇ ತಾರೀಖಿಗೆ ಬಾ ಅಂತ. ಉಸ್ತಾದ್ ಕೊಡುತ್ತೇನೆಂದದ್ದು ಆ ಸಂಬಳದ ಅರ್ಧ. ಅಲ್ಲಿ ಬಾಡಿಗೆ, ಊಟ ಕಳೆದರೆ ಉಳಿಯುವುದೆಷ್ಟು ಅಂತ ನಾನು ಹಾಳೆಯ ಮೇಲೆ ಲೆಕ್ಕ ಹಾಕಿ ಕೊಟ್ಟಿದ್ದೇನೆ. "ಅಕ್ಕಾ, ಎರಡು ದಿನ ತಡಿ" ಅಂದ. ಅಪ್ಪ ಏನೂ ಅನ್ನಲಿಲ್ಲ. ನಿನ್ನೆ ಮಾತ್ರ ಎಣ್ಣೆ ಹೊಡೆಯುವ ಬ್ಯಾಟರಿ ಪಂಪು ತಂದು ಅವನ ಟ್ಯಾಂಕಿನ ಪಕ್ಕ ಇಟ್ಟು ಹೋದರು. ಅದರ ಮೋಟಾರು ತಿರುಗುತ್ತಿಲ್ಲ.