ಉಪ್ಪಿನ ಋಣ

ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತಾ ಎಲ್ಲರೂ ಸೇರಿ ಕಥೆ ಕಟ್ಟುವ ಆಟ ‘ಡಂಜನ್ಸ್ ಆ್ಯಂಡ್ ಡ್ರಾಗನ್ಸ್’. ಅದರ ಹೆಸರಾಂತ ಸಾಹಸಕಥೆ 1983ರ ‘ರೇವನ್‌ಲಾಫ್ಟ್’: ಮಂಜು ಮುಸುಕಿದ ಕಣಿವೆ, ಕೋಟೆ, ರಕ್ತ ಹೀರುವ ದೊರೆ ಸ್ಟ್ರಾಡ್. ಇದನ್ನು ನಾವು ಗೆಳೆಯರು ಅದೇ ಆಟದ ಇನ್ನೊಂದು ಲೋಕವಾದ ‘ಅಲ್-ಕದೀಮ್’ಗೆ ಒಯ್ಯಲು ಹೊರಟೆವು. 1992ರಲ್ಲಿ ಬಂದ ಆ ಲೋಕ ಅರಬ್ ಕಥೆಗಳ ಬುನಾದಿಯ ಮೇಲೆ ನಿಂತದ್ದು.

ಮಂಜಿನ ಬದಲು ಮರಳುಗಾಳಿ, ಹೆಂಡದಂಗಡಿಯ ಬದಲು ಮುಸಾಫಿರ್‌ಖಾನೆ, ದೊರೆಯ ಬದಲು ಸುಲ್ತಾನ. ವೇಷ ಬದಲಿಸುವುದು ಒಂದೇ ಸಂಜೆಯಲ್ಲಿ ಮುಗಿಯಿತು.

ತೊಡಕು ಬಂದದ್ದು ಊಟದಲ್ಲಿ. ಮೂಲ ಕಥೆಯ ಕೋಟೆಯಲ್ಲಿ ಔತಣ ಸಿದ್ಧವಿರುತ್ತದೆ. ಅದು ಭಯ ಹುಟ್ಟಿಸುವ ಉಪಾಯವಷ್ಟೇ. ಅಲ್-ಕದೀಮ್‌ನಲ್ಲಾದರೋ ಉಪ್ಪು ಹಂಚಿಕೊಂಡವರು ಪರಸ್ಪರ ಕೈಯೆತ್ತುವಂತಿಲ್ಲ. ಉಂಡರೆ ಕತ್ತಿ ಹಿರಿಯುವುದೆಂತು? ಆ ಕಟ್ಟಳೆ ಕೈಬಿಡೋಣ ಎಂದರು ಕೆಲವರು. ಬಿಟ್ಟರೆ ಉಳಿಯುವುದು ಪೇಟ ಸುತ್ತಿದ ಸ್ಟ್ರಾಡ್ ಮಾತ್ರ ಎಂದರು ಉಳಿದವರು. ಕೊನೆಗೆ ಔತಣವನ್ನೇ ಕಥೆಯ ನಡುಗಂಬ ಮಾಡಿದೆವು. ಉಪ್ಪಿನ ಮಾತನ್ನು ಸುಲ್ತಾನನೇ ಮೊದಲು ಮುರಿಯಬೇಕು. ಅಲ್ಲಿಯವರೆಗೆ ಅತಿಥಿಗಳು ಕಾಯಬೇಕು. ಆ ಕಾಯುವಿಕೆ ಕತ್ತಿ ಕಾಳಗಕ್ಕಿಂತ ಹೆಚ್ಚು ನಡುಕ ತಂದಿತು.

ಉಂಡ ಮನೆಗೆ ಎರಡು ಬಗೆಯಬಾರದೆನ್ನುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಕಥೆಯೊಂದು ಪರನಾಡಿಗೆ ಹೋಗುವಾಗ ಅಲ್ಲಿಯ ಉಡುಪಿಗಿಂತ ಮೊದಲು ಅಲ್ಲಿಯ ಮರ್ಯಾದೆಯನ್ನು ಕಲಿಯಬೇಕಲ್ಲವೇ?