ಧಾರಣೆ ಹಾಯುವ ದಾರಿ

ಸೋಮವಾರ, ಗುರುವಾರ ಬ್ಯಾಡಗಿಗೆ ಕಾಲಿಟ್ಟರೆ ಮೊದಲು ಸಿಗುವುದು ಘಾಟು. ದಲಾಲಿ ಅಂಗಡಿಗಳ ಮುಂದೆ ಡಬ್ಬಿ, ಕಡ್ಡಿ ಎಂದು ಮೆಣಸಿನಕಾಯಿ ಲಾಟುಗಳು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಇದರ ಹೆಚ್ಚುಗಾರಿಕೆ. 2011ರಲ್ಲಿ ಇದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿತು. ಬಣ್ಣ ತೆಗೆಯುವ ಕಾರ್ಖಾನೆಗಳು ಇದನ್ನೇ ಹುಡುಕಿ ಬರುತ್ತವೆ.

ಹಿಂದೆ ಖರೀದಿದಾರರು ಚೀಟಿಯಲ್ಲಿ ದರ ಬರೆದು ಟೆಂಡರ್ ಪೆಟ್ಟಿಗೆಗೆ ಹಾಕುತ್ತಿದ್ದರು. ಕರ್ನಾಟಕದಲ್ಲಿ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಬಂದ ಮೇಲೆ ಚೀಟಿಯ ಜಾಗಕ್ಕೆ ಇ-ಟೆಂಡರ್ ಬಂತು. ಪೆಟ್ಟಿಗೆಯ ಬೀಗ ರೈತನ ಕಣ್ಣಿಗೆ ಕಾಣುತ್ತಿತ್ತು. ಈಗ ಮಾರುಕಟ್ಟೆ ಕಚೇರಿಗಳಲ್ಲಿ ಕಂಪ್ಯೂಟರಿನಿಂದ ದರ ಹೊರಡುವ ಮೊದಲ ಬಾಗಿಲು ಮೂಲೆಯಲ್ಲಿ ದೂಳು ತಿನ್ನುವ ನೆಟ್‌ವರ್ಕ್ ಸ್ವಿಚ್. ಅದಕ್ಕೂ ಬೀಗವಿದೆ. ಹಾಕಿದ್ದಾರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು ಎಂಬುದೇ ನನ್ನ ಮಾತು.

ಸ್ವಿಚ್‌ಗಳಲ್ಲಿ ಎರಡು ಜಾತಿ. ಒಂದು, ವೈರ್ ಸಿಕ್ಕಿಸಿದರೆ ಸಾಕು, ಯಾರು ಏನು ಎಂದು ವಿಚಾರಿಸದೆ ಕೆಲಸ ಮಾಡುವುದು. ಇನ್ನೊಂದು, ಹೇಳಿದ ಮಾತು ಕೇಳುವ ಮ್ಯಾನೇಜ್ಡ್ ಸ್ವಿಚ್. ದುಬಾರಿಯಾದ ಈ ಎರಡನೆಯದನ್ನು ತಂದು ಮೊದಲನೆಯದರ ಹಾಗೆ ಬಳಸುವ ಕಚೇರಿಗಳೇ ನಮ್ಮ ಕಡೆ ಜಾಸ್ತಿ. ಕಂಪನಿ ಇಟ್ಟ ಪಾಸ್‌ವರ್ಡ್ ಹಾಗೇ ಇರುತ್ತದೆ. ಖಾಲಿ ಪೋರ್ಟ್‌ಗಳೆಲ್ಲ ತೆರೆದಿರುತ್ತವೆ.

ಯಾವ ಪೋರ್ಟಿಗೆ ಯಾವ ಯಂತ್ರ ಎಂದು ಮ್ಯಾನೇಜ್ಡ್ ಸ್ವಿಚ್ಚಿಗೆ ಹೇಳಿಡಬಹುದು. ಬೇರೆ ಯಂತ್ರ ಸಿಕ್ಕಿಸಿದರೆ ಆ ಪೋರ್ಟೇ ಮುಚ್ಚಿಕೊಳ್ಳುತ್ತದೆ. ಇನ್ನೂ ಬಿಗಿ ಬೇಕೆಂದರೆ 802.1ಎಕ್ಸ್ ಎಂಬ ಪದ್ಧತಿಯಿದೆ: ಗುರುತು ತೋರಿಸುವವರೆಗೆ ಒಳಗೆ ಬಿಡುವುದಿಲ್ಲ. ವಿಎಲ್ಯಾನ್ ಇದ್ದರೆ ಒಂದೇ ಸ್ವಿಚ್ಚಿನೊಳಗೆ ಟೆಂಡರ್ ಕಂಪ್ಯೂಟರುಗಳದ್ದೇ ಒಂದು ಓಣಿ, ಬಂದುಹೋಗುವವರ ವೈಫೈಗೆ ಇನ್ನೊಂದು.

ಲೂಪಿನ ವಿಷಯವನ್ನಂತೂ ಬಿಡಲಾರೆ. ಯಾರೋ ನೆಲದ ಮೇಲೆ ಬಿದ್ದ ವೈರಿನ ಎರಡೂ ತುದಿಯನ್ನು ಒಂದೇ ಸ್ವಿಚ್ಚಿಗೆ ಚುಚ್ಚಿದರೆ ಸಾಕು, ಒಳಗಿನ ಸಂದೇಶಗಳು ಸುತ್ತಿ ಸುತ್ತಿ ಬೆಳೆದು ಇಡೀ ಕಚೇರಿ ಸ್ತಬ್ಧವಾಗುತ್ತದೆ. ಟೆಂಡರ್ ಮುಗಿಯುವ ಹೊತ್ತಿಗೆ ಹೀಗಾದರೆ ನಷ್ಟ ಯಾರದು? ರಾತ್ರಿಯೇ ಚೀಲ ಹೇರಿಕೊಂಡು ಬಂದವನದು. ಇದಕ್ಕೆ ಮದ್ದನ್ನು ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ 1985ರಲ್ಲೇ ಕಂಡುಹಿಡಿದರು. ಸ್ಪ್ಯಾನಿಂಗ್ ಟ್ರೀ ಎಂದು ಅದರ ಹೆಸರು. ಸುತ್ತು ಬೀಳುವ ದಾರಿಯನ್ನು ಗುರುತಿಸಿ ತಾನಾಗಿ ಮುಚ್ಚುತ್ತದೆ.

ಇನ್ನೊಂದು ಸಂಗತಿ ನಮ್ಮ ಕಡೆ ಬಹಳ ಮುಖ್ಯ. ಅನೇಕ ಸ್ವಿಚ್‌ಗಳಲ್ಲಿ ಮಾಡಿದ ಬದಲಾವಣೆಯನ್ನು ಬೇರೆಯಾಗಿ ಸೇವ್ ಮಾಡಬೇಕು. ಮಾಡದಿದ್ದರೆ ಕರೆಂಟ್ ಹೋಗಿ ಬರುವಷ್ಟರಲ್ಲಿ ಹಾಕಿದ ಬೀಗಗಳೆಲ್ಲ ಮಾಯ, ಯಾರಿಗೂ ತಿಳಿಯುವುದೂ ಇಲ್ಲ. ಸ್ವಿಚ್ಚು ಬರೆದುಕೊಳ್ಳುವ ದಿನಚರಿಯ ಪಾಡೂ ಅಷ್ಟೇ. ಬೇರೆ ಕಂಪ್ಯೂಟರಿಗೆ ಕಳಿಸಿಟ್ಟರೆ ಉಳಿದೀತು. ಸ್ವಿಚ್ಚಿನ ಗಡಿಯಾರವೂ ಸರಿಯಿರಬೇಕು. ಎಷ್ಟು ಗಂಟೆಗೆ ಯಾವ ಪೋರ್ಟ್ ಕಡಿದುಹೋಯಿತು ಎಂಬುದೇ ಜಗಳದ ದಿನ ಸಾಕ್ಷಿ.

ಜಗಳ ಎಂದಾಗ 2024ರ ಮಾರ್ಚ್ 11 ನೆನಪಾಗದೆ ಇರದು. ಧಾರಣೆ ಕುಸಿದು ರೈತರು ಸಿಟ್ಟಿಗೆದ್ದರು, ಬ್ಯಾಡಗಿ ಎಪಿಎಂಸಿ ಕಚೇರಿಯ ಮೇಲೆ ಕಲ್ಲು ಬಿತ್ತು, ವಾಹನಗಳು ಉರಿದವು. ಸ್ವಿಚ್ಚು ಧಾರಣೆ ಏರಿಸದು, ಅದು ಗೊತ್ತು. ಆದರೆ ದರ ಬಂದ ದಾರಿಯಲ್ಲಿ ಯಾರ ಕೈಯೂ ಆಡಿಲ್ಲ ಎಂದು ಎದೆ ತಟ್ಟಿ ಹೇಳಲು ಆಧಾರ ಬೇಕಲ್ಲ, ಆ ಆಧಾರದ ಒಂದು ತುಂಡು ಸ್ವಿಚ್ಚಿನ ದಿನಚರಿಯಲ್ಲಿ ಸಿಗುತ್ತದೆ. ರೈತನಿಗೆ ಅಷ್ಟಾದರೂ ಸಲ್ಲಬೇಕು.

ರಾಣೆಬೆನ್ನೂರಿನ ಬೀಜದ ಗೋದಾಮಿಗಾಗಲಿ ಹಾವೇರಿಯ ಸರಕಾರಿ ಕಚೇರಿಗಾಗಲಿ ಈ ಮಾತು ಸಲ್ಲುತ್ತದೆ. ಗೋದಾಮಿನ ಸೂರಿನ ಕ್ಯಾಮೆರಾಕ್ಕೆ ನೆಟ್‌ವರ್ಕ್ ವೈರಿನಲ್ಲೇ ಕರೆಂಟನ್ನೂ ಕಳಿಸುವ ಸ್ವಿಚ್‌ಗಳಿವೆ. ಕ್ಯಾಮೆರಾ ಕೆಟ್ಟು ನಿಂತರೆ ಏಣಿ ಹತ್ತಬೇಕಿಲ್ಲ. ಕುಳಿತಲ್ಲಿಂದಲೇ ಆ ಪೋರ್ಟಿನ ಕರೆಂಟ್ ತೆಗೆದು ಮತ್ತೆ ಕೊಡಬಹುದು. ಆದರೆ ಹೊರಗೋಡೆಯ ಮೇಲಿನ ಆ ವೈರನ್ನು ಕಿತ್ತು ಯಾರಾದರೂ ಲ್ಯಾಪ್‌ಟಾಪಿಗೆ ಸಿಕ್ಕಿಸಬಹುದು. ಆದ್ದರಿಂದ ಕ್ಯಾಮೆರಾಗಳ ಓಣಿ ರೆಕಾರ್ಡರಿನ ಆಚೆಗೆ ಎಲ್ಲಿಗೂ ಹಾಯದಂತೆ ಇಡಬೇಕು. ಲೆಕ್ಕಪತ್ರದ ಕಂಪ್ಯೂಟರಿನ ಕಡೆಗಂತೂ ಬೇಡವೇ ಬೇಡ.